ಹೋಮರನ ಕಾವ್ಯ ಮೊದಲ ಸಲ ಓದುವವರಿಗೆ: ಊಟದ ಜಾಡು ಹಿಡಿಯಿರಿ

ಗ್ರೀಕ್ ಕವಿ ಹೋಮರನ ಇಲಿಯಡ್ ಓದಬೇಕೆಂದು ಪುಸ್ತಕ ತಂದು, ಎರಡನೇ ಸಂಧಿಯಲ್ಲೇ ಕೈಬಿಟ್ಟವರಲ್ಲಿ ನಾನೂ ಒಬ್ಬ. ಮೊದಲ ಸಂಧಿಯ ಜಗಳ ರುಚಿಯಾಗಿತ್ತು. ಎರಡನೆಯದರಲ್ಲಿ ಹಡಗುಗಳ ಪಟ್ಟಿ ಶುರುವಾಯಿತು. ಯಾವ ಊರಿನಿಂದ ಯಾರು ಬಂದರು, ಎಷ್ಟು ಹಡಗು ತಂದರು ಎಂದು ಪುಟಗಟ್ಟಲೆ. ಎಲ್ಲ ಕೂಡಿದರೆ 1,186 ಹಡಗು. ನಾನು ಐವತ್ತರ ಆಸುಪಾಸಿನಲ್ಲೇ ಮುಳುಗಿದೆ. ಪುಸ್ತಕ ಎರಡು ವರ್ಷ ಕಪಾಟಿನಲ್ಲಿ ಕುಳಿತಿತ್ತು.

ಮತ್ತೆ ಕೈಗೆತ್ತಿಕೊಂಡಾಗ ಓದುವ ದಾರಿ ಬದಲಿಸಿದೆ. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೆ ಇದು ಸಾಲದು. ಕೆಲಸ ಮುಗಿಸಿ ರಾತ್ರಿ ಅರ್ಧ ಗಂಟೆ ಓದುವವರಿಗೆ ಸಾಕು.

ಹೆಜ್ಜೆ 1: ಮರದ ಕುದುರೆಯನ್ನು ಮರೆತುಬಿಡಿ

ಇಲಿಯಡ್ ಅಂದರೆ ಗ್ರೀಕರಿಗೂ ಟ್ರಾಯ್ ಊರಿನವರಿಗೂ ನಡೆದ ಯುದ್ಧದ ಪೂರ್ತಿ ಕತೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಅಲ್ಲ. ಹತ್ತು ವರ್ಷದ ಯುದ್ಧದಲ್ಲಿ ಕೊನೆಯ ವರ್ಷದ ಸುಮಾರು 50 ದಿನ ಮಾತ್ರ ಇದರಲ್ಲಿದೆ. ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆ ಇಲ್ಲಿ ಬರುವುದೇ ಇಲ್ಲ, ಅದರ ಮಾತು ಬರುವುದು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ. ಗ್ರೀಕರ ಮಹಾವೀರ ಅಕಿಲೀಸ್ ಸಾಯುವುದೂ ಇಲ್ಲ. ಅವನ ಹಿಮ್ಮಡಿಯ ಕತೆಯನ್ನಂತೂ ಹೋಮರ್ ಎಲ್ಲೂ ಹೇಳಿಲ್ಲ. ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದ ಕತೆ ನಮಗೆ ಮೊದಲು ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಇಲಿಯಡ್‌ನ ಅಕಿಲೀಸನಿಗೆ ಯಾವ ಕವಚದ ಮಾಯೆಯೂ ಇಲ್ಲ. ಎಲ್ಲರ ಹಾಗೆ ಗಾಯವಾಗುವ ಮೈ ಅವನದು. ಅದು ಗೊತ್ತಿದ್ದೇ ಅವನು ಯುದ್ಧಕ್ಕೆ ಹೋಗುತ್ತಾನೆ.

ಹಾಗಾದರೆ ಇದು ಯಾವುದರ ಕತೆ? ಮೂಲ ಗ್ರೀಕ್‌ನಲ್ಲಿ ಕಾವ್ಯದ ಮೊಟ್ಟಮೊದಲ ಪದ ‘ಮೇನಿನ್’, ಅಂದರೆ ಕೋಪ. ಒಬ್ಬನ ಕೋಪ ಹೇಗೆ ಹುಟ್ಟಿತು, ಎಷ್ಟು ಜನರನ್ನು ತಿಂದಿತು, ಹೇಗೆ ಇಳಿಯಿತು ಎನ್ನುವುದಷ್ಟೇ ಕತೆ. ಒಡಿಸ್ಸಿಯ ಮೊದಲ ಪದ ‘ಆಂಡ್ರಾ’, ಅಂದರೆ ಮನುಷ್ಯ. ಒಡಿಸ್ಯೂಸ್ ಎಂಬ ಒಬ್ಬ ಮನುಷ್ಯ ಯುದ್ಧ ಮುಗಿಸಿ ಮನೆಗೆ ಮರಳುವ ಕತೆ.

ಟ್ರಾಯ್ ನಿಜವಾಗಿ ಇತ್ತಾ ಎಂದು ಕೇಳುತ್ತೀರಿ, ಗೊತ್ತು. ಈಗಿನ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಹೈನ್ರಿಕ್ ಶ್ಲೀಮನ್ 1870ರ ದಶಕದಲ್ಲಿ ಅಗೆದ. ಒಂದರ ಮೇಲೊಂದು ಕಟ್ಟಿದ ಊರುಗಳು ಸಿಕ್ಕವು. 1873ರಲ್ಲಿ ಸಿಕ್ಕ ಚಿನ್ನವನ್ನು ಅವನು ಟ್ರಾಯ್‌ನ ರಾಜ ಪ್ರಿಯಾಮನ ನಿಧಿ ಎಂದು ಕರೆದ. ಆಮೇಲೆ ನೋಡಿದರೆ ಆ ಪದರ ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಕಾವ್ಯ ಈಗಿನ ರೂಪ ಪಡೆದದ್ದು ಸುಮಾರು ಕ್ರಿ.ಪೂ. 8ನೇ ಶತಮಾನದಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ಓದುವುದಕ್ಕೆ ಇಷ್ಟು ಸಾಕು.

ಹೆಜ್ಜೆ 2: ಅನುವಾದ ಆರಿಸುವಾಗ ಒಂದು ಪುಟ ಜೋರಾಗಿ ಓದಿ

ಇಂಗ್ಲಿಷಿನಲ್ಲಿ ಓದುವವರಿಗೆ ಆಯ್ಕೆ ಜಾಸ್ತಿ. ರಿಚ್ಮಂಡ್ ಲ್ಯಾಟಿಮೋರ್ ಅವರ 1951ರ ಇಲಿಯಡ್ ಮೂಲದ ಸಾಲುಗಳ ಹತ್ತಿರ ನಡೆಯುತ್ತದೆ, ಸ್ವಲ್ಪ ಗಡುಸು. ರಾಬರ್ಟ್ ಫೇಗಲ್ಸ್ ಅವರ 1990ರದ್ದು ಓಡುತ್ತದೆ. ಎಮಿಲಿ ವಿಲ್ಸನ್ ಅವರ ಒಡಿಸ್ಸಿ 2017ರಲ್ಲಿ, ಇಲಿಯಡ್ 2023ರಲ್ಲಿ ಬಂತು. ಮಾತು ಸರಳ, ಸಾಲು ಚಿಕ್ಕದು. ಮೊದಲ ಸಲ ಓದುವವರಿಗೆ ನಾನು ಕೊನೆಯದನ್ನೇ ಕೊಡುತ್ತೇನೆ.

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಹಳೆಯ ಅನುವಾದಗಳಲ್ಲಿ ಒಂದು ತೊಡಕಿದೆ. ಕೆಲವರು ಗ್ರೀಕ್ ದೇವರುಗಳಿಗೆ ರೋಮನ್ ಹೆಸರು ಹಾಕಿಬಿಟ್ಟಿದ್ದಾರೆ. ಝ್ಯೂಸ್ ಇದ್ದಲ್ಲಿ ಜೋವ್, ಅಥೀನಾ ಇದ್ದಲ್ಲಿ ಮಿನರ್ವಾ, ಒಡಿಸ್ಯೂಸ್ ಇದ್ದಲ್ಲಿ ಯುಲಿಸೀಸ್. ಇವರು ಹೊಸ ಪಾತ್ರಗಳು ಎಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಅಂಗಡಿಯಲ್ಲೇ ನಿಂತು ಒಂದು ಪುಟ ಬಾಯಿಬಿಟ್ಟು ಓದಿ ನೋಡಿ. ನಾಲಿಗೆ ಎಡವದ ಅನುವಾದವೇ ನಿಮಗೆ ಸರಿಯಾದದ್ದು.

ಹೆಜ್ಜೆ 3: ಹೆಸರುಗಳ ಚೀಟಿ ಬರೆದಿಟ್ಟುಕೊಳ್ಳಿ

ಪಾರ್ಥ, ಧನಂಜಯ, ಕಿರೀಟಿ, ಕೌಂತೇಯ ಎಲ್ಲ ಅರ್ಜುನನೇ ಎಂದು ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೋಮರ್ ಗ್ರೀಕರನ್ನು ಗ್ರೀಕರು ಎನ್ನುವುದಿಲ್ಲ. ಅಕಿಯನ್ನರು, ಡನಾವನ್ನರು, ಆರ್ಗೈವರು ಎಂದು ಮೂರು ಹೆಸರು, ಮೂರೂ ಒಂದೇ ಪಡೆ. ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ಗೆ ಅಲೆಕ್ಸಾಂಡ್ರೋಸ್ ಎಂದೂ ಹೆಸರು. ‘ಅಟ್ರಿಯಸ್‌ನ ಮಗ’ ಎಂದರೆ ಗ್ರೀಕ್ ಪಡೆಯ ಮುಖಂಡ ಅಗಮೆಮ್ನಾನ್ ಆಗಬಹುದು, ಅವನ ತಮ್ಮ ಮೆನೆಲೌಸ್ ಕೂಡ ಆಗಬಹುದು. ಏಜಾಕ್ಸ್ ಹೆಸರಿನವರು ಇಬ್ಬರು. ಮೊದಲ ಸಂಧಿಯಲ್ಲಿ ಬರುವ ಕ್ರೈಸಿಸ್ ಮತ್ತು ಬ್ರೈಸಿಸ್ ಬೇರೆ ಬೇರೆ ಹೆಂಗಸರು. ಮೊದಲನೆಯವಳು ಅಗಮೆಮ್ನಾನನ ಪಾಲಿಗೆ ಬಂದ ಸೆರೆಯಾಳು, ಎರಡನೆಯವಳು ಅಕಿಲೀಸನ ಪಾಲಿಗೆ ಬಂದವಳು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗಿಡಿ.

ಉಳಿದ ನೂರಾರು ಹೆಸರು ಬಂದಾಗ ಸುಮ್ನೆ ಮುಂದೆ ಹೋಗಿ. ಅವರಲ್ಲಿ ಬಹಳ ಜನ ಹತ್ತು ಸಾಲಿನೊಳಗೆ ಸಾಯುತ್ತಾರೆ.

ಹೆಜ್ಜೆ 4: ಎರಡು ಗ್ರೀಕ್ ಪದ ಕಲಿಯಿರಿ

‘ಟಿಮೇ’ ಎಂದರೆ ಮರ್ಯಾದೆ. ಇಂಗ್ಲಿಷ್ ಅನುವಾದಕರು ಇದಕ್ಕೆ ಒದ್ದಾಡುತ್ತಾರೆ, ನಮಗೆ ಆ ಕಷ್ಟವಿಲ್ಲ. ನಾಲ್ಕು ಜನರ ಎದುರು ಸಿಗುವ ಮರ್ಯಾದೆ, ಮದುವೆ ಮನೆಯಲ್ಲಿ ಕರೆದು ಕೂರಿಸದಿದ್ದರೆ ಹೋಗುವ ಮರ್ಯಾದೆ, ಅದೇ ಇದು. ಇದು ಮನಸ್ಸಿನೊಳಗಿನ ವಿಷಯವಲ್ಲ, ಕಣ್ಣಿಗೆ ಕಾಣಬೇಕು. ಲೂಟಿಯಲ್ಲಿ ಎಷ್ಟು ಪಾಲು, ಊಟದಲ್ಲಿ ಯಾವ ತುಂಡು, ಇದರಿಂದಲೇ ಅದರ ಅಳತೆ.

‘ಕ್ಲಿಯೋಸ್’ ಎಂದರೆ ಕೀರ್ತಿ. ಪದದ ಮೂಲಾರ್ಥ ‘ಕೇಳಿಸಿಕೊಂಡದ್ದು’. ಸಂಸ್ಕೃತದ ‘ಶ್ರವಸ್’ ಇದರ ಒಡಹುಟ್ಟು. ನಾವು ದಿನವೂ ಬಳಸುವ ಶ್ರವಣ, ಶ್ರುತಿ ಎಲ್ಲ ಅದೇ ಮನೆತನ. ಅಕಿಲೀಸನ ಬಾಯಲ್ಲಿ ಬರುವ ‘ಅಳಿಯದ ಕೀರ್ತಿ’ ಎಂಬ ಜೋಡಿಪದ ಋಗ್ವೇದದಲ್ಲೂ ಸಿಗುತ್ತದೆ ಎಂದು ಜರ್ಮನ್ ವಿದ್ವಾಂಸ ಆಡಲ್ಬರ್ಟ್ ಕೂನ್ 1853ರಲ್ಲೇ ತೋರಿಸಿದ. ಸತ್ತ ಮೇಲೆ ಹಾಡುವವರ ಬಾಯಲ್ಲಿ ಉಳಿಯುವುದೇ ಕ್ಲಿಯೋಸ್. ಟಿಮೇ ಬದುಕಿದ್ದಾಗ ಬೇಕು, ಕ್ಲಿಯೋಸ್ ಸತ್ತಮೇಲೆ. ಇಲಿಯಡ್‌ನ ವೀರರು ಈ ಎರಡರ ನಡುವೆ ನುಜ್ಜುಗುಜ್ಜಾಗುತ್ತಾರೆ.

ಹೆಜ್ಜೆ 5: ಇಲಿಯಡ್ ಪೂರ್ತಿ ಬೇಡ, ಮೊದಲು ಇಷ್ಟು ಓದಿ

ಇಲಿಯಡ್‌ನಲ್ಲಿ 24 ಭಾಗ, ಹದಿನೈದು ಸಾವಿರಕ್ಕೂ ಹೆಚ್ಚು ಸಾಲು. ಇಂಗ್ಲಿಷಿನಲ್ಲಿ ಪ್ರತಿ ಭಾಗವನ್ನೂ ಬುಕ್ ಎನ್ನುತ್ತಾರೆ. ನಾನು ಸಂಧಿ ಎಂದೇ ಕರೆಯುತ್ತಿದ್ದೇನೆ, ನಮ್ಮ ಕಾವ್ಯ ಓದಿದವರಿಗೆ ಅದೇ ಹತ್ತಿರ. ಮೊದಲ ಸುತ್ತಿಗೆ 1, 3, 6, 9, 16, 18, 19, 21, 22, 24 ಸಾಕು. ಎರಡನೆಯದರಲ್ಲಿ ಹಡಗುಗಳ ಪಟ್ಟಿ ಬರುವವರೆಗೆ ಓದಿ ನಿಲ್ಲಿಸಿ. ಒಂದು ಸಂಧಿ ಜೋರಾಗಿ ಓದಲು ಹೆಚ್ಚುಕಡಿಮೆ ಒಂದು ಗಂಟೆ.

ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಯಾರು ಯಾರಿಗೆ ಊಟ ಹಾಕಿದರು, ಯಾರು ಊಟ ಬೇಡವೆಂದರು ಎನ್ನುವ ಕಡೆಯೆಲ್ಲ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ಯುದ್ಧಕಾವ್ಯದಲ್ಲಿ ಊಟದ ಲೆಕ್ಕವೇನು ಎಂದು ನಗಬೇಡಿ. ನನಗೆ ಈ ಕಾವ್ಯದ ಬಾಗಿಲು ತೆರೆದದ್ದು ಇದೇ.

1ನೇ ಸಂಧಿ: ಅಪೊಲೊ ದೇವರ ಅರ್ಚಕನೊಬ್ಬ ಮಗಳು ಕ್ರೈಸಿಸ್‌ಳನ್ನು ಬಿಡಿಸಿಕೊಳ್ಳಲು ಬರುತ್ತಾನೆ, ಅಗಮೆಮ್ನಾನ್ ಗದರಿಸಿ ಅಟ್ಟುತ್ತಾನೆ. ಅಪೊಲೊ ಒಂಬತ್ತು ದಿನ ಪಿಡುಗಿನ ಬಾಣ ಬಿಡುತ್ತಾನೆ. ಕೊನೆಗೆ ಅಗಮೆಮ್ನಾನ್ ಅವಳನ್ನು ಬಿಟ್ಟುಕೊಟ್ಟು, ಆ ನಷ್ಟ ತುಂಬಿಸಿಕೊಳ್ಳಲು ಅಕಿಲೀಸನ ಬ್ರೈಸಿಸ್‌ಳನ್ನು ಕಿತ್ತುಕೊಳ್ಳುತ್ತಾನೆ. ಅಕಿಲೀಸ್ ಯುದ್ಧ ಬಿಡುತ್ತಾನೆ. ಗಮನಿಸಿ, ಈ ಜಗಳದಲ್ಲಿ ಯಾರೂ ಬ್ರೈಸಿಸ್‌ಳ ಮಾತು ಕೇಳುವುದಿಲ್ಲ. ಅವಳು ಬಾಯಿ ತೆರೆಯುವುದು 19ನೇ ಸಂಧಿಯಲ್ಲಿ.

2ನೆಯದರಲ್ಲಿ ಥೆರ್ಸಿಟಿಸ್ ಎಂಬವನನ್ನು ತಪ್ಪಿಸಿಕೊಳ್ಳಬೇಡಿ. ಅಗಮೆಮ್ನಾನ್ ಲೂಟಿ ಬಾಚಿಕೊಳ್ಳುತ್ತಾನೆ, ನಾವು ಮನೆಗೆ ಹೋಗೋಣ ಎಂದು ಅವನು ಕೂಗುತ್ತಾನೆ. ಅಕಿಲೀಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಅಕಿಲೀಸನಿಗೆ ಬೇಡಿಕೊಳ್ಳುವವರು ಬರುತ್ತಾರೆ, ಥೆರ್ಸಿಟಿಸ್‌ಗೆ ಒಡಿಸ್ಯೂಸ್ ರಾಜದಂಡದಿಂದ ಬೆನ್ನ ಮೇಲೆ ಬಾರಿಸುತ್ತಾನೆ. ಎಲ್ಲರೂ ನಗುತ್ತಾರೆ. ಈ ಕಾವ್ಯದಲ್ಲಿ ವೀರ ಯಾರು ಎನ್ನುವುದಕ್ಕೆ ಹುಟ್ಟು ಎಷ್ಟು ಮುಖ್ಯ ಎಂದು ಇಲ್ಲೇ ಗೊತ್ತಾಗುತ್ತದೆ.

6ನೇ ಸಂಧಿಯನ್ನು ನಿಧಾನವಾಗಿ ಓದಿ, ನನ್ನ ಮೆಚ್ಚಿನದು. ಶುರುವಿನಲ್ಲೇ ಆಕ್ಸಿಲಸ್ ಎಂಬವನು ಸಾಯುತ್ತಾನೆ. ಅವನಿಗೆ ಎಂಟೇ ಸಾಲು. ಅರಿಸ್ಬೆ ಎಂಬ ಊರಿನವನು, ಮನೆ ದಾರಿಯ ಪಕ್ಕದಲ್ಲಿತ್ತು, ಹೋಗಿ ಬರುವ ಎಲ್ಲರನ್ನೂ ಕರೆದು ಸತ್ಕರಿಸುತ್ತಿದ್ದ. ಅವನ ಅನ್ನ ಉಂಡವರಲ್ಲಿ ಒಬ್ಬರೂ ಇವತ್ತು ಅಡ್ಡ ಬರಲಿಲ್ಲ ಎಂದು ಹೇಳಿ ಕವಿ ಮುಂದೆ ಹೋಗುತ್ತಾನೆ. ಇಲಿಯಡ್‌ನಲ್ಲಿ ಹೆಸರು ಹೇಳಿಸಿಕೊಂಡು ಸಾಯುವವರು ಇನ್ನೂರಕ್ಕೂ ಜಾಸ್ತಿ. ಅವರಲ್ಲಿ ಹಲವರಿಗೆ ಹೀಗೆ ಒಂದು ಮನೆ, ಒಬ್ಬ ತಂದೆ ಸಿಗುತ್ತಾರೆ, ಸಾಯುವ ಹೊತ್ತಿಗೆ.

ಆಕ್ಸಿಲಸ್‌ನನ್ನು ಕೊಂದವನು ಗ್ರೀಕ್ ಕಡೆಯ ಡಯೊಮಿಡೀಸ್. ಅದೇ ಸಂಧಿಯಲ್ಲಿ ಅವನು ಟ್ರಾಯ್ ಕಡೆಯ ಗ್ಲಾಕಸ್‌ನ ಎದುರು ನಿಲ್ಲುತ್ತಾನೆ. ಹೊಡೆದಾಡುವ ಮೊದಲು ವಂಶ ಕೇಳುತ್ತಾರೆ. ನೋಡಿದರೆ ಒಬ್ಬನ ಅಜ್ಜನ ಮನೆಯಲ್ಲಿ ಇನ್ನೊಬ್ಬನ ಅಜ್ಜ 20 ದಿನ ಅತಿಥಿಯಾಗಿ ಉಳಿದಿದ್ದ. ಅಷ್ಟೇ, ಇಬ್ಬರೂ ರಥದಿಂದ ಇಳಿದು ಕೈ ಹಿಡಿದುಕೊಳ್ಳುತ್ತಾರೆ, ಕವಚ ಬದಲಾಯಿಸಿಕೊಳ್ಳುತ್ತಾರೆ. ಗ್ಲಾಕಸ್ ಕೊಟ್ಟದ್ದು ಚಿನ್ನದ್ದು, ನೂರು ಎತ್ತಿನ ಬೆಲೆ. ಪಡೆದದ್ದು ಕಂಚಿನದು, ಒಂಬತ್ತು ಎತ್ತಿನ ಬೆಲೆ. ಝ್ಯೂಸ್ ಅವನ ಬುದ್ಧಿ ಕಸಿದಿದ್ದ ಎಂದು ಕವಿಯ ಚುಚ್ಚುಮಾತು ಬೇರೆ!

ಇದೇ ಸಂಧಿಯ ಕೊನೆಯಲ್ಲಿ ಟ್ರಾಯ್‌ನ ವೀರ, ಪ್ರಿಯಾಮನ ಮಗ ಹೆಕ್ಟರ್ ತನ್ನ ಹೆಂಡತಿ ಆಂಡ್ರೊಮಕಿಯನ್ನು ಕಾಣುತ್ತಾನೆ. ಶಿರಸ್ತ್ರಾಣದ ಜುಟ್ಟು ಕಂಡು ಮಗು ಹೆದರಿ ಅಳುತ್ತದೆ, ಅಪ್ಪ ಅಮ್ಮ ಇಬ್ಬರೂ ನಗುತ್ತಾರೆ, ಅವನು ಅದನ್ನು ತೆಗೆದು ನೆಲಕ್ಕಿಡುತ್ತಾನೆ. ಅದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೀವೇ ಓದಿ.

9ನೆಯದರಲ್ಲಿ ಅಕಿಲೀಸನನ್ನು ಒಲಿಸಲು ಮೂವರು ಬರುತ್ತಾರೆ. ಅವನು ಮೊದಲು ಮಾಡುವ ಕೆಲಸ ಅವರಿಗೆ ಮಾಂಸ ಸುಟ್ಟು ಬಡಿಸುವುದು. ಆಮೇಲೆ ಅಗಮೆಮ್ನಾನ್ ಕಳಿಸಿದ ಉಡುಗೊರೆಗಳ ಪಟ್ಟಿ: ಹತ್ತು ತೂಕ ಚಿನ್ನ, ಹನ್ನೆರಡು ಕುದುರೆ, ಏಳು ಊರು, ಬ್ರೈಸಿಸ್ ಕೂಡ. ಅವನು ಒಪ್ಪುವುದಿಲ್ಲ. ಇಲ್ಲೇ ಉಳಿದು ಹೋರಾಡಿದರೆ ಆಯುಸ್ಸು ಕಡಿಮೆ, ಕೀರ್ತಿ ಅಳಿಯದು. ಮನೆಗೆ ಹೋದರೆ ಕೀರ್ತಿ ಇಲ್ಲ, ಆಯುಸ್ಸು ಉಂಟು. ತಾಯಿ ಥೆಟಿಸ್ ಹೇಳಿದ ಈ ಎರಡು ದಾರಿಯನ್ನು ಅವನು ಇಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ಹೇಡಿಗೂ ಶೂರನಿಗೂ ಒಂದೇ ಮರ್ಯಾದೆ ಎಂದಮೇಲೆ ಹೋರಾಡಿ ಏನು ಬಂತು ಎನ್ನುತ್ತಾನೆ. ವೀರ ಎನ್ನುವ ಪದದ ಬುಡವನ್ನೇ ವೀರನೊಬ್ಬ ಅಲ್ಲಾಡಿಸುವ ಮಾತು ಇದು.

16ರಿಂದ ಕತೆ ಇಳಿಜಾರಿನಲ್ಲಿ ಓಡುತ್ತದೆ. ಗೆಳೆಯ ಪೆಟ್ರೊಕ್ಲಸ್ ಅಕಿಲೀಸನ ಕವಚ ತೊಟ್ಟು ಹೋಗುತ್ತಾನೆ, ಹಡಗುಗಳನ್ನು ಉಳಿಸಿ ಮರಳಿ ಬಾ ಎಂದದ್ದನ್ನು ಮರೆಯುತ್ತಾನೆ, ಹೆಕ್ಟರ್ ಅವನನ್ನು ಕೊಲ್ಲುತ್ತಾನೆ. 18ರಲ್ಲಿ ಅಕಿಲೀಸ್ ತಲೆಗೆ ಬೂದಿ ಸುರಿದುಕೊಳ್ಳುತ್ತಾನೆ. ಅದೇ ಸಂಧಿಯಲ್ಲಿ ದೇವಶಿಲ್ಪಿ ಹೆಫೆಸ್ಟಸ್ ಅವನಿಗೆ ಹೊಸ ಗುರಾಣಿ ಮಾಡುತ್ತಾನೆ. ಯುದ್ಧದ ಗುರಾಣಿಯ ಮೇಲೆ ಮದುವೆ, ಉಳುಮೆ, ಸುಗ್ಗಿ. ಸಾಲಿನ ಕೊನೆ ಮುಟ್ಟಿದ ಪ್ರತಿ ರೈತನ ಕೈಗೂ ಒಬ್ಬ ದ್ರಾಕ್ಷಾರಸದ ಬಟ್ಟಲು ಕೊಡುತ್ತಾನೆ. ಅಲ್ಲೂ ಒಂದು ಗೆರೆ ಎಳೆಯಿರಿ.

19ರಲ್ಲಿ ಅಕಿಲೀಸ್ ಊಟ ಬೇಡ ಎನ್ನುತ್ತಾನೆ. ಹೊಟ್ಟೆಗಿಲ್ಲದೆ ಪಡೆ ಹೋರಾಡುವುದು ಹೇಗೆ ಎಂದು ಒಡಿಸ್ಯೂಸ್ ವಾದಿಸುತ್ತಾನೆ. ಅಕಿಲೀಸ್ ಜಗ್ಗುವುದಿಲ್ಲ. ಕೊನೆಗೆ ಅಥೀನಾ ಅವನ ಎದೆಯೊಳಗೆ ದೇವರ ಆಹಾರವನ್ನು ತೊಟ್ಟಿಕ್ಕಿಸುತ್ತಾಳೆ. ಮನುಷ್ಯರ ಜೊತೆ ಉಣ್ಣುವುದನ್ನು ಬಿಟ್ಟವನು ಇನ್ನು ಮುಂದೆ ಮನುಷ್ಯನ ಹಾಗೆ ಇರುವುದೂ ಇಲ್ಲ. 21ರಲ್ಲಿ ಲೈಕಾನ್ ಎಂಬ ಹುಡುಗ ಅವನ ಮೊಣಕಾಲು ಹಿಡಿದು, ಹಿಂದೆ ನಿನ್ನ ಸೆರೆಯಾಳಾಗಿದ್ದಾಗ ನಿನ್ನ ಬಳಿಯೇ ಮೊದಲು ಅನ್ನ ಉಂಡಿದ್ದೆ ಎಂದು ಬೇಡುತ್ತಾನೆ. ಗೆಳೆಯಾ, ಪೆಟ್ರೊಕ್ಲಸ್‌ನೇ ಸತ್ತ, ನೀನೂ ಸಾಯಿ ಎಂದು ಅಕಿಲೀಸ್ ಅವನನ್ನು ಕೊಲ್ಲುತ್ತಾನೆ. ಉಂಡ ಋಣಕ್ಕೂ ಬೆಲೆಯಿಲ್ಲದ ಹೊತ್ತು.

22ರಲ್ಲಿ ಸಾಯುತ್ತಿರುವ ಹೆಕ್ಟರ್ ತನ್ನ ಹೆಣವನ್ನು ಮನೆಗೆ ಕೊಡು ಎಂದು ಕೇಳಿದಾಗ, ನಿನ್ನ ಮಾಂಸವನ್ನು ಹಸಿಹಸಿ ಕಡಿದು ತಿನ್ನುವ ಮನಸ್ಸಾಗುತ್ತಿದೆ ಎನ್ನುತ್ತಾನೆ ಅಕಿಲೀಸ್. ಕೋಪ ಇದಕ್ಕಿಂತ ಕೆಳಗೆ ಹೋಗಲು ಜಾಗವಿಲ್ಲ. 24ಕ್ಕೆ ಆಮೇಲೆ ಬರೋಣ.

ಹೆಜ್ಜೆ 6: ಮತ್ತೆ ಮತ್ತೆ ಬರುವ ಸಾಲುಗಳನ್ನು ಹಾರಿಸಬೇಡಿ

‘ವೇಗದ ಕಾಲಿನ ಅಕಿಲೀಸ್’ ಎಂದು ಅವನು ಸುಮ್ಮನೆ ಕುಳಿತಿದ್ದಾಗಲೂ ಬರುತ್ತದೆ. ‘ಗುಲಾಬಿ ಬೆರಳಿನ ಉಷೆ’ ಎಷ್ಟು ಸಲ ಹುಟ್ಟುತ್ತಾಳೋ. ಇದು ಕವಿಯ ಸೋಮಾರಿತನವಲ್ಲ. ಹಾಡುತ್ತಲೇ ಕಟ್ಟುವವನಿಗೆ ಛಂದಸ್ಸಿನ ಅಳತೆಗೆ ಕೂರುವ ಸಿದ್ಧ ತುಣುಕುಗಳು ಬೇಕು. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಇದನ್ನು ಪರೀಕ್ಷಿಸಲು 1930ರ ದಶಕದಲ್ಲಿ ಯುಗೊಸ್ಲಾವಿಯಾಕ್ಕೆ ಹೋದ. ಅಲ್ಲಿ ಅವ್ದೊ ಮೆಜೆಡೊವಿಚ್ ಎಂಬ ಓದು ಬರಹ ಬಾರದ ಗಾಯಕ, ಕಸುಬಿನಲ್ಲಿ ಕಟುಕ, 12 ಸಾವಿರಕ್ಕೂ ಹೆಚ್ಚು ಸಾಲಿನ ಒಂದೇ ಕತೆಯನ್ನು ಅವನೆದುರು ಹಾಡಿದ. ಒಡಿಸ್ಸಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ.

ಕಂಸಾಳೆಯವರು ಮಲೆ ಮಾದೇಶ್ವರನ ಕತೆಯನ್ನು, ನೀಲಗಾರರು ಮಂಟೇಸ್ವಾಮಿಯ ಕತೆಯನ್ನು ಹಾಡುವುದನ್ನು ಕೇಳಿದವರಿಗೆ ಇದು ಅಚ್ಚರಿಯೇ ಅಲ್ಲ. ಒಂದೇ ಸಾಲು ಮರಳಿ ಬಂದಾಗ ಕೇಳುವವರು ಉಸಿರು ತೆಗೆದುಕೊಳ್ಳುತ್ತಾರೆ, ಹಾಡುವವರು ಮುಂದಿನದನ್ನು ಹೊಂದಿಸಿಕೊಳ್ಳುತ್ತಾರೆ. ಹೋಮರನನ್ನೂ ಹಾಗೇ ಓದಿ, ಕಿವಿಯಿಂದ.

ಹೆಜ್ಜೆ 7: ಒಡಿಸ್ಸಿಯನ್ನು ಮೊದಲಿಂದ ಕೊನೆಯವರೆಗೆ ಓದಿ

ಇದನ್ನು ಆರಿಸಿ ಓದುವ ಅಗತ್ಯವಿಲ್ಲ, ತಾನೇ ಎಳೆದುಕೊಂಡು ಹೋಗುತ್ತದೆ. ಒಂದೇ ಎಚ್ಚರಿಕೆ: ಮೊದಲ ನಾಲ್ಕು ಸಂಧಿಗಳಲ್ಲಿ ಒಡಿಸ್ಯೂಸ್ ಕಾಣುವುದೇ ಇಲ್ಲ, ಮಗ ಟೆಲೆಮಾಕಸ್‌ನ ಹುಡುಕಾಟ ಅಷ್ಟೇ. ಒಕ್ಕಣ್ಣ ರಾಕ್ಷಸ, ಹಾಡಿನಿಂದ ನಾವಿಕರನ್ನು ಸಾವಿಗೆ ಸೆಳೆಯುವ ಸೈರನ್‌ಗಳು ಎಲ್ಲ 9ರಿಂದ 12ರವರೆಗೆ, ಅದೂ ಒಡಿಸ್ಯೂಸ್ ತಾನೇ ಹೇಳುವ ಕತೆ. ಅವನು ಎಂಥ ಸುಳ್ಳುಗಾರ ಎಂದು ನೆನಪಿಟ್ಟುಕೊಂಡೇ ಕೇಳಿ.

ಪೆನ್ಸಿಲ್ ಇಲ್ಲೂ ಬೇಕು. ಈ ಕಾವ್ಯದಲ್ಲಿ ಒಳ್ಳೆಯವರು ಕೆಟ್ಟವರು ಎಂದು ಅಳೆಯುವ ಕೋಲು ಒಂದೇ: ಬಂದವರಿಗೆ ಮೊದಲು ಊಟವೋ, ಮೊದಲು ಪ್ರಶ್ನೆಯೋ? ಪೈಲೋಸ್‌ನ ಮುದುಕ ನೆಸ್ಟರ್ ಊಟ ಹಾಕಿದ ಮೇಲೆ ‘ಈಗ ಕೇಳಬಹುದು, ನೀವು ಯಾರು’ ಎನ್ನುತ್ತಾನೆ. ಬಂದವರನ್ನು ಒಳಗೆ ಕರೆಯಲೋ ಬೇರೆ ಮನೆಗೆ ಕಳಿಸಲೋ ಎಂದು ಕೇಳಿದ ಸೇವಕನಿಗೆ ಮೆನೆಲೌಸ್ ಬೈಯುತ್ತಾನೆ. ಒಕ್ಕಣ್ಣ ಪಾಲಿಫೆಮಸ್ ಕಂಡ ಕೂಡಲೇ ಯಾರು ನೀವು ಎಂದು ಕೇಳಿ, ಆಮೇಲೆ ಅತಿಥಿಗಳನ್ನೇ ತಿನ್ನುತ್ತಾನೆ. ನಿನ್ನನ್ನು ಕೊನೆಗೆ ತಿನ್ನುತ್ತೇನೆ, ಅದೇ ನನ್ನ ಉಡುಗೊರೆ ಎಂಬ ಕುಹಕ ಬೇರೆ. ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪಿಯ ಕೈ ಹಿಡಿಯಲು ಬಂದು ಕುಳಿತ 108 ಮಂದಿ ಬೇರೆಯವರ ಮನೆಯ ದನ ಕಡಿದು ಉಣ್ಣುತ್ತಾರೆ, ಭಿಕ್ಷುಕನ ವೇಷದಲ್ಲಿ ಬಂದ ಯಜಮಾನನ ಮೇಲೆ ಎತ್ತಿನ ಗೊರಸು ಎಸೆಯುತ್ತಾರೆ. ಇಡೀ ಕಾವ್ಯದಲ್ಲಿ ಅತಿ ಒಳ್ಳೆಯ ಆತಿಥ್ಯ ಸಿಗುವುದು ಯಾವ ಅರಮನೆಯಲ್ಲೂ ಅಲ್ಲ, ಹಂದಿ ಕಾಯುವ ಯುಮಿಯಸ್‌ನ ಗುಡಿಸಲಲ್ಲಿ. ಪರಸ್ಥಳದವರು, ಭಿಕ್ಷುಕರು ಎಲ್ಲ ಝ್ಯೂಸ್ ಕಳಿಸಿದವರು ಎನ್ನುತ್ತಾನೆ ಅವನು.

11ನೇ ಸಂಧಿಯಲ್ಲಿ ಸತ್ತವರ ಲೋಕಕ್ಕೆ ಹೋದಾಗ ಎರಡು ಭೇಟಿ ಗುರುತು ಮಾಡಿಕೊಳ್ಳಿ. ಅಕಿಲೀಸ್ ಅಲ್ಲಿ ಹೇಳುತ್ತಾನೆ: ಸತ್ತವರೆಲ್ಲರ ರಾಜನಾಗಿರುವುದಕ್ಕಿಂತ ಬದುಕಿ ಯಾವನೋ ಬಡ ರೈತನ ಆಳಾಗಿರುವುದು ವಾಸಿ. ಅಳಿಯದ ಕೀರ್ತಿ ಆರಿಸಿಕೊಂಡವನ ಮಾತಿದು, ಅಲ್ವಾ? ಇನ್ನೊಂದು ಭೇಟಿ ಏಜಾಕ್ಸ್‌ನದು. ಅಕಿಲೀಸನ ಆಯುಧ ತನಗೆ ಸಿಗದೆ ಒಡಿಸ್ಯೂಸ್‌ಗೆ ಸಿಕ್ಕಿತೆಂಬ ಸಿಟ್ಟು ಅವನಿಗೆ ಸತ್ತ ಮೇಲೂ ಇಳಿದಿಲ್ಲ. ಒಡಿಸ್ಯೂಸ್ ಎಷ್ಟು ಮಾತಾಡಿಸಿದರೂ ಉತ್ತರ ಕೊಡದೆ ಹೊರಟುಹೋಗುತ್ತಾನೆ. ಇವನ ಸಾವಿನ ಮೇಲೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಬರೆದ ನಾಟಕವೇ ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕಕ್ಕೆ ಬೇರು. ಮರ್ಯಾದೆ ಕೆಟ್ಟ ವೀರ ಕನ್ನಡಕ್ಕೆ ಬಂದದ್ದು ಹಾಗೆ.

ಕೊನೆಯ ಸಂಧಿಗಳು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. 22ರಲ್ಲಿ ಆ 108 ಮಂದಿಯನ್ನು ಕೊಂದ ಮೇಲೆ, ಅವರ ಜೊತೆ ಮಲಗಿದ ತಪ್ಪಿಗೆ 12 ಮಂದಿ ಕೆಲಸದ ಹುಡುಗಿಯರನ್ನು ನೇಣು ಹಾಕುತ್ತಾರೆ. ಅವರು ಸಾಯುವುದನ್ನು ಬಲೆಗೆ ಬಿದ್ದ ಹಕ್ಕಿಗಳಿಗೆ ಹೋಲಿಸುತ್ತಾನೆ ಕವಿ. ಆ ಹೋಲಿಕೆಯಲ್ಲಿ ಮರುಕ ಇದೆ, ಕೊಂದವರಲ್ಲಿ ಇಲ್ಲ.

ಹೆಜ್ಜೆ 8: ಇಲಿಯಡ್‌ನ 24ನೇ ಸಂಧಿಗೆ ಮರಳಿ ಬನ್ನಿ

ಒಮ್ಮೆ ಓದಿರುತ್ತೀರಿ. ಒಡಿಸ್ಸಿ ಮುಗಿಸಿ, ಆತಿಥ್ಯದ ನಿಯಮ ತಲೆಗೆ ಹತ್ತಿದ ಮೇಲೆ ಇನ್ನೊಮ್ಮೆ ಓದಿ. ಸಾಧ್ಯವಾದರೆ ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ.

ಮುದುಕ ಪ್ರಿಯಾಮ್ ರಾತ್ರಿ ಹೊತ್ತು ಶತ್ರುವಿನ ಬಿಡಾರಕ್ಕೆ ಬರುತ್ತಾನೆ. ಅಕಿಲೀಸ್ ಆಗತಾನೇ ಊಟ ಮುಗಿಸಿದ್ದಾನೆ, ಮೇಜು ಇನ್ನೂ ಎದುರಿಗೇ ಇದೆ. ಪ್ರಿಯಾಮ್ ಮೊಣಕಾಲು ಹಿಡಿದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆಸಿಕೋ ಎನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಹೆಕ್ಟರ್‌ಗಾಗಿ, ಇನ್ನೊಬ್ಬ ತಂದೆಗಾಗಿ, ಪೆಟ್ರೊಕ್ಲಸ್‌ಗಾಗಿ. ಕೋಪ ಪೂರ್ತಿ ಹೋಗಿಲ್ಲ. ನನ್ನನ್ನು ಕೆಣಕಬೇಡ ಮುದುಕಾ ಎಂದು ನಡುವೆ ಗದರುತ್ತಾನೆ. ಹೆಣವನ್ನು ತೊಳೆಸಿ ಗಾಡಿಗೆ ಏರಿಸಿದ ಮೇಲೆ, ಈಗ ಊಟ ಮಾಡೋಣ ಎನ್ನುತ್ತಾನೆ. ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಯೋಬಿ ಕೂಡ ಅತ್ತು ಸುಸ್ತಾದ ಮೇಲೆ ಉಂಡಳು ಎಂದು ಕತೆ ಹೇಳುತ್ತಾನೆ. ತಾನೇ ಎದ್ದು ಒಂದು ಬಿಳಿ ಕುರಿ ಕಡಿಯುತ್ತಾನೆ. ಮಗ ಸತ್ತ ದಿನದಿಂದ ಪ್ರಿಯಾಮ್ ಏನೂ ತಿಂದಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಉಂಡಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಸುಮ್ಮನೆ ನೋಡುತ್ತಾ ಕೂರುತ್ತಾರೆ.

ಹನ್ನೊಂದು ದಿನ ಯುದ್ಧ ನಿಲ್ಲುತ್ತದೆ. ಟ್ರಾಯ್‌ನವರು ಒಂಬತ್ತು ದಿನ ಸೌದೆ ತರುತ್ತಾರೆ, ಹತ್ತನೇ ದಿನ ಚಿತೆ ಹಚ್ಚುತ್ತಾರೆ, ಆಮೇಲೆ ಮೂಳೆ ಆಯ್ದು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಮೇಲೆ ದಿಬ್ಬ ಕಟ್ಟುತ್ತಾರೆ. ಪೆನ್ಸಿಲ್ ಕೆಳಗಿಡುವ ಮುಂಚೆ ಕೊನೆಯ ಮೂರು ನಾಲ್ಕು ಸಾಲು ನೋಡಿ. ದಿಬ್ಬ ಕಟ್ಟಿದವರೆಲ್ಲ ಪ್ರಿಯಾಮನ ಮನೆಗೆ ಮರಳಿ, ಒಟ್ಟಿಗೆ ಕುಳಿತು ಉಣ್ಣುತ್ತಾರೆ.